340 ರೂಪಾಯಿ ಟೈಂಪೀಸು, ನಮ್ಮ ಮಗನ ನಿದ್ದೆ: ನಾಲ್ಕು ತಿಂಗಳು ಬಳಸಿದ ಮೇಲೆ ಬರೀತಿದೀನಿ

ಇದು ಯಾವ್ದೋ ದೊಡ್ಡ ಬ್ರ್ಯಾಂಡ್ ವಸ್ತು ಅಲ್ಲ. ತುಮಕೂರು ಮಂಡಿಪೇಟೆ ಕಡೆ ಇರೋ ಒಂದು ಸಣ್ಣ ವಾಚ್ ರಿಪೇರಿ ಅಂಗಡೀಲಿ ತಗೊಂಡ, ಮೇಜಿನ ಮೇಲಿಡೋ ಅಲಾರಂ ಗಡಿಯಾರ, ನಮ್ಮ ಕಡೆ ಟೈಂಪೀಸು ಅಂತೀವಲ್ಲ ಅದು. 340 ರೂಪಾಯಿ, ಸೆಲ್ ಬೇರೆ. ಹಿಂದುಗಡೆ ಗುಜರಾತಿನ ಮೋರ್ಬಿ ಅಂತ ಅಚ್ಚು ಹಾಕಿದೆ. ದಿನಾ ನಮ್ಮ ಜೊತೆ ಬೆಂಗಳೂರಿಗೆ ಟ್ರೈನಲ್ಲಿ ಬರೋರಿಗೆ ಇದ್ರ ಬಗ್ಗೆ ಹೇಳಿದ್ದೆ, ಆಮೇಲೆ ಒಬ್ರಾದ್ಮೇಲೆ ಒಬ್ರು ಫೋಟೋ ಕಳ್ಸಿ, ಯಾವ ಅಂಗಡಿ, ನಿಮ್ಮ ಹುಡುಗ ನಿಜವಾಗ್ಲೂ ಮಲಗ್ತಾನಾ ಅಂತ ಕೇಳೋಕೆ ಶುರು ಮಾಡಿದ್ರು, ಎಲ್ರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಇಲ್ಲೇ ಪೂರ್ತಿ ಬರೆದ್ಬಿಡೋಣ ಅಂತ ಕೂತಿದೀನಿ.

ನಮ್ಮ ಮಗ ಎರಡನೇ ಪಿಯುಸಿ, ಸೈನ್ಸ್. ಬೆಳಿಗ್ಗೆ 5:30ಕ್ಕೆ ಟ್ಯೂಷನ್, ಅಲ್ಲಿಂದ ಹಾಗೇ ಕಾಲೇಜು, ಸಾಯಂಕಾಲ ಮನೆಗೆ ಬಂದ್ರೆ ರೆಕಾರ್ಡ್ ಬರೆಯೋದು, ಟೆಸ್ಟಿಗೆ ಓದೋದು. ಹಾಸಿಗೆ ಸೇರೋ ಹೊತ್ತಿಗೆ 11 ಆಗ್ತಿತ್ತು, ಆದ್ರೆ ಫೋನು ದಿಂಬಿನ ಕೆಳಗೇ ಇರ್ತಿತ್ತಲ್ಲ, ಒಂದೊಂದ್ ದಿನ ರಾತ್ರಿ ನಾನು ನೀರು ಕುಡಿಯೋಕೆ ಎದ್ರೆ 12:30ಕ್ಕೂ ಅವನ ರೂಮಿನ ಬಾಗಿಲ ಸಂದೀಲಿ ನೀಲಿ ಬೆಳಕು. ಕೇಳಿದ್ರೆ ಒಂದೇ ಉತ್ತರ, 'ಅಪ್ಪ, ಅಲಾರಂಗೆ ಫೋನ್ ಬೇಕಲ್ವಾ'. ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ನಾನೂ ಅದೇ ಕಾರಣ ಹೇಳಿ ನನ್ನ ಫೋನು ತಲೆ ಹತ್ರ ಇಟ್ಕೊಂಡೇ ಮಲಗ್ತಿದ್ದೆ.

ಒಂದಿನ ಬೆಳಗಿನ ಜಾವ ಅವನ್ನ ಸ್ಕೂಟರಲ್ಲಿ ಟ್ಯೂಷನ್‌ಗೆ ಬಿಡೋಕೆ ಹೋಗ್ತಿದೀನಿ, ಬಟವಾಡಿ ದಾಟ್ತಿದ್ದಂಗೆ ಹಿಂದೆ ಕೂತಿದ್ದವನ ತಲೆ ಬಂದು ನನ್ನ ಬೆನ್ನಿಗೆ ಒರಗ್ತು, ಮೊದ್ಲು ಚಳಿಗೆ ಹಿಂಗೆ ಒರಗಿದಾನೆ ಅಂದ್ಕೊಂಡೆ, ಆಮೇಲೆ ನೋಡಿದ್ರೆ ಮೈ ಒಂದು ಕಡೆ ವಾಲ್ತಾ ಇದೆ. ಪಕ್ಕದಲ್ಲೇ ಲಾರಿ. ಒಂದ್ ಕೈ ಹಿಂದಕ್ಕೆ ಹಾಕಿ ಅವನ ಜರ್ಕಿನ್ ಬಿಗಿಯಾಗಿ ಹಿಡ್ಕೊಂಡು ಹಂಗೇ ನಿಧಾನ ರೋಡಿನ ಪಕ್ಕಕ್ಕೆ ತಂದು ನಿಲ್ಲಿಸ್ದೆ. ಅವನಿಗೆ ಏನಾಯ್ತು ಅಂತಾನೇ ಗೊತ್ತಿಲ್ಲ, 'ಟ್ಯೂಷನ್ ಬಂತಾ ಅಪ್ಪ' ಅಂದ. ಅವತ್ತು ಟ್ಯೂಷನ್‌ಗೆ ಕಳಿಸ್ಲಿಲ್ಲ, ವಾಪಸ್ ಮನೆಗೆ ಕರ್ಕೊಂಡ್ ಬಂದು ಮಲಗಿಸ್ದೆ, ನಾನೂ ರಜೆ ಹಾಕ್ದೆ. ಮಧ್ಯಾಹ್ನ 12ರವರೆಗೆ ಅಲುಗಾಡ್ದೆ ಮಲಗಿದ್ದ.

ಅದೇ ವಾರ ನಮ್ಮ ಮಕ್ಕಳನ್ನ ಚಿಕ್ಕಂದಿನಿಂದ ನೋಡ್ತಿರೋ ಡಾಕ್ಟ್ರ ಹತ್ರ ಹೋದ್ವಿ. ರಕ್ತ ಕಮ್ಮಿ ಇದೆಯೇನೋ, ಟಾನಿಕ್ ಬರ್ಕೊಡ್ತಾರೆ ಅಂತ ನನ್ನ ಹೆಂಡ್ತಿ ಅಂದ್ಕೊಂಡಿದ್ಲು. ಅವ್ರು ಕೇಳಿದ್ದು ಒಂದೇ, ಎಷ್ಟ್ ಹೊತ್ತಿಗೆ ಮಲಗ್ತಾನೆ, ಎಷ್ಟ್ ಹೊತ್ತಿಗೆ ಏಳ್ತಾನೆ. ಲೆಕ್ಕ ಹಾಕಿದ್ರೆ ನಾಲ್ಕೂವರೆ ಗಂಟೆ. 13ರಿಂದ 18 ವಯಸ್ಸಿನವ್ರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂದ್ರು. ನನಗೆ ಆಶ್ಚರ್ಯ ಆಯ್ತು, ದೊಡ್ಡವರಾದಂಗೆ ನಿದ್ದೆ ಕಮ್ಮಿ ಸಾಕು, ನಮ್ಮಂಗೆ 6 ಗಂಟೆ ಮಲಗಿದ್ರೆ ಆಯ್ತು ಅಂತಾನೇ ನಾನು ತಿಳ್ಕೊಂಡಿದ್ದೆ.

ಆಮೇಲೆ ಅವ್ರು ಹೇಳಿದ ಇನ್ನೊಂದು ವಿಷಯ ನನ್ನ ಕೋಪಾನೆಲ್ಲ ಇಳಿಸ್ಬಿಡ್ತು. ಈ ವಯಸ್ಸಿಗೆ ಬಂದಾಗ ಮಕ್ಕಳ ಮೈಯೊಳಗಿನ ಗಡಿಯಾರಾನೇ ಹಿಂದಕ್ಕೆ ಸರಿಯುತ್ತಂತೆ. ಕತ್ತಲಾದ್ಮೇಲೆ ಮಿದುಳು ಮೆಲಟೋನಿನ್ ಅಂತ ಒಂದು ಹಾರ್ಮೋನ್ ಬಿಡುತ್ತೆ, ಅದು ಮೈಗೆ 'ರಾತ್ರಿ ಆಯ್ತು' ಅಂತ ಹೇಳೋ ಸುದ್ದಿ ಇದ್ದಂಗೆ, ಹದಿಹರೆಯದಲ್ಲಿ ಅದು ಚಿಕ್ಕ ಮಕ್ಕಳಿಗಿಂತ ಒಂದೆರಡು ಗಂಟೆ ತಡವಾಗಿ ಶುರುವಾಗುತ್ತೆ. ಅಂದ್ರೆ 9ಕ್ಕೆ ಮಲಗು ಅಂದ್ರೆ ಅವನಿಗೆ ನಿಜವಾಗ್ಲೂ ನಿದ್ದೆ ಬರಲ್ಲ, ಬೆಳಿಗ್ಗೆ 5ಕ್ಕೆ ಏಳು ಅಂದ್ರೆ ಅವನ ಮೈಗೆ ಅದು ನಡುರಾತ್ರಿ. ನಾನು ಎರಡು ವರ್ಷದಿಂದ ಸೋಮಾರಿ ಸೋಮಾರಿ ಅಂತ ಬೈದಿದ್ದು ಇದಕ್ಕೆ. ಅದ್ರ ಮೇಲೆ ರಾತ್ರಿ ಫೋನಿನ ಬೆಳಕು ಕಣ್ಣಿಗೆ ಬಿದ್ರೆ ಮಿದುಳು ಇನ್ನೂ ಹಗಲು ಅಂದ್ಕೊಂಡು ಮೆಲಟೋನಿನ್ನ ಮತ್ತೂ ತಡ ಮಾಡುತ್ತೆ, ಮೊದ್ಲೇ ತಡ, ಅದಕ್ಕೆ ಇನ್ನಷ್ಟು ತಡ. ಬೆಳಕಿಗಿಂತ ಹೆಚ್ಚಾಗಿ ಅದ್ರಲ್ಲಿ ಬರೋ ಮೆಸೇಜು, ರೀಲ್ಸು ಮನಸ್ಸನ್ನ ಎಬ್ಬಿಸಿ ಕೂರಿಸುತ್ತಲ್ಲ, ಅದೂ ಸೇರ್ಕೊಳ್ಳುತ್ತೆ. ಬರೋವಾಗ ಅವ್ರು ಹೇಳಿದ್ದಿಷ್ಟೆ, ಔಷಧಿ ಏನೂ ಬೇಡ, ಫೋನು ಮಲಗೋ ರೂಮಿಂದ ಆಚೆ ಹೋಗ್ಲಿ, ಟ್ಯೂಷನ್ ಹೊತ್ತು ಬದಲಾಗುತ್ತಾ ನೋಡಿ.

ಫೋನ್ ಆಚೆ ಹೋಗ್ಬೇಕು ಅಂದ್ರೆ ಅಲಾರಂ ಬೇಕು. ಮೊದ್ಲು ಆನ್‌ಲೈನಲ್ಲಿ ಒಂದು ಡಿಜಿಟಲ್ ಗಡಿಯಾರ ತರಿಸ್ದೆ, 900 ಚಿಲ್ರೆ, ಬ್ರ್ಯಾಂಡ್ ಹೆಸರು ಬೇಡ. ದೊಡ್ಡ ದೊಡ್ಡ ನೀಲಿ ಅಂಕಿ, ಲೈಟ್ ಕಮ್ಮಿ ಮಾಡಿದ್ರೂ ರೂಮಿನ ಗೋಡೆ ಎಲ್ಲ ನೀಲಿ. ಯಾವ ಬೆಳಕು ಬೇಡ ಅಂತ ಫೋನ್ ಆಚೆ ಹಾಕಿದ್ವೋ ಅದೇ ಬೆಳಕು ಇದ್ರಿಂದ. ಜೊತೆಗೆ ನಡುವೆ ಎಚ್ಚರ ಆದಾಗೆಲ್ಲ 2:47, 3:12 ಅಂತ ಕಣ್ಣಿಗೆ ಹೊಡೆದಂಗೆ ಕಾಣೋದು, ಅಯ್ಯೋ ಇನ್ನು ಎರಡೇ ಗಂಟೆ ಇದೆ ಅಂತ ಅವನಿಗೆ ಗಾಬರಿ. ವಾಪಸ್ ಕಳಿಸ್ದೆ. ಕೈಗೆ ಕಟ್ಕೊಳ್ಳೋ ಸ್ಮಾರ್ಟ್ ಬ್ಯಾಂಡನ್ನ ನನ್ನ ಭಾವಮೈದ ಕೊಟ್ಟಿದ್ದ, ಬೆಳಿಗ್ಗೆ ಎದ್ದ ತಕ್ಷಣ ನಿದ್ದೆಗೆ ಮಾರ್ಕ್ಸ್ ತೋರಿಸುತ್ತೆ ಅದು. ದಿನವಿಡೀ ಮಾರ್ಕ್ಸಿನ ಹಿಂದೆ ಓಡೋ ಹುಡುಗನಿಗೆ ನಿದ್ದೆಗೂ ಮಾರ್ಕ್ಸ್ ಅಂದ್ರೆ ಹೆಂಗೆ, 62 ಬಂದ ದಿನ ಸಪ್ಪೆ ಮುಖ ಮಾಡ್ಕೊಂಡೇ ತಿಂಡಿಗೆ ಕೂರೋನು. ಅದನ್ನೂ ತೆಗೆಸಿಟ್ಟೆ.

ಆಮೇಲೆ ಹೋಗಿದ್ದೇ ಈ ಅಂಗಡಿಗೆ. ಇಬ್ರು ನಿಂತ್ರೆ ಮೂರನೆಯವ್ರು ರಸ್ತೇಲಿ ನಿಲ್ಬೇಕು, ಅಷ್ಟೇ ಜಾಗ. ಗಾಜಿನ ಪೆಟ್ಟಿಗೆ ಹಿಂದೆ ಒಬ್ರು ವಯಸ್ಸಾದವ್ರು, ಕಣ್ಣಿಗೆ ಮಸೂರ ಸಿಗಿಸ್ಕೊಂಡು ಕೂತಿರ್ತಾರೆ. ಮಾತಿಗೆ ಮಾತು ಬಂದು ಗೊತ್ತಾಯ್ತು, ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಕೆಲ್ಸ ಮಾಡಿದವ್ರು. ಈಗಿನ ಹುಡುಗ್ರಿಗೆ ಗೊತ್ತಿರಲ್ಲ, ಊರೂರಿನ ಜನ ಕೈಗೆ ಕಟ್ಕೊಳ್ತಿದ್ದ ಎಚ್‌ಎಂಟಿ ವಾಚು ನಮ್ಮ ತುಮಕೂರಲ್ಲೂ ತಯಾರಾಗ್ತಿತ್ತು, ಆ ಫ್ಯಾಕ್ಟರಿ ಬಸ್ಸು ಬರೋದು ನೋಡಿ ನಮ್ಮಮ್ಮ ಒಲೆ ಮೇಲೆ ಅನ್ನಕ್ಕಿಡ್ತಿದ್ರು. ಫ್ಯಾಕ್ಟರಿ ಮುಚ್ಚೋಯ್ತು, ಆ ಜಾಗ ಈಗ ಇಸ್ರೋಗೆ ಹೋಗಿದೆ. ಹಂಗೆ ಗಡಿಯಾರದ ಕೆಲ್ಸ ಕೈಯಲ್ಲಿದ್ದವ್ರು ಇನ್ನೂ ಒಬ್ರು ಅಂಗಡಿ ಇಟ್ಕೊಂಡಿದಾರೆ ಅನ್ನೋದೇ ನನಗೆ ಸಂತೋಷ.

ನಾನು ಅಲಾರಂ ಟೈಂಪೀಸ್ ಕೊಡಿ ಅಂದೆ. 'ಯಾರಿಗೆ' ಅಂದ್ರು. ಮಗನಿಗೆ ಅಂದೆ. 'ಹಂಗಾದ್ರೆ ಅವನನ್ನೇ ಕರ್ಕೊಂಡ್ ಬನ್ನಿ ಸ್ವಾಮಿ, ನೀವ್ ಆರಿಸಿದ್ರೆ ಅದು ನಿಮ್ ಗಡಿಯಾರ ಆಗುತ್ತೆ' ಅಂತ ಕೊಡಲೇ ಇಲ್ಲ. ವ್ಯಾಪಾರ ಬಿಟ್ಟು ಇಂಥ ಮಾತು ಯಾರು ಹೇಳ್ತಾರೆ. ಶನಿವಾರ ಸಾಯಂಕಾಲ ಮಗನ ಜೊತೆ ಹೋದೆ. ನಾಲ್ಕು ಥರದ್ದು ತೆಗೆದು ಸೆಲ್ ಹಾಕಿ ಒಂದೊಂದಾಗಿ ಅವನ ಕಿವಿ ಹತ್ರ ಹಿಡಿದ್ರು. 'ಟಿಕ್ ಟಿಕ್ ಕೇಳ್ಸುತ್ತಾ ಮಗಾ? ಹಗಲು ಇಷ್ಟ್ ಕೇಳ್ಸಿದ್ರೆ ರಾತ್ರಿ ಅದ್ರ ಹತ್ತರಷ್ಟು ಕೇಳ್ಸುತ್ತೆ, ಬೇಡ.' ಕೊನೆಗೆ ಸೆಕೆಂಡ್ ಮುಳ್ಳು ನಿಲ್ದೆ ಜಾರ್ಕೊಂಡು ಹೋಗೋದು ಒಂದಿತ್ತು, ಸದ್ದೇ ಇಲ್ಲ, ಹಸಿರು ಬಣ್ಣ. ಅದನ್ನೇ ತಗೊಂಡ. ಅಂಗಡಿಗೆ ನನ್ನ ಕಡೆಯಿಂದ ಪೂರ್ತಿ 5 ಸ್ಟಾರ್, ಅದ್ರಲ್ಲಿ ಎರಡನೇ ಮಾತಿಲ್ಲ.

ಇನ್ನು ಗಡಿಯಾರ. ಒಂದು ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತೆ, ನಾಲ್ಕು ತಿಂಗಳಾಯ್ತು ಇನ್ನೂ ಅದೇ ಸೆಲ್ಲು, ಹೊತ್ತು ಒಂದು ನಿಮಿಷಾನೂ ಹಿಂದೆ ಮುಂದೆ ಆಗಿಲ್ಲ. ಮುಳ್ಳಿಗೆ ರೇಡಿಯಂ ಥರ ಬಳ್ದಿದಾರೆ, ಲೈಟ್ ಆರಿಸಿದ ಮೇಲೆ ಸ್ವಲ್ಪ ಹೊತ್ತು ಮಿಣುಕು ಹಸಿರು, ಆಮೇಲೆ ಕತ್ತಲು. ನೆತ್ತಿ ಮೇಲೆ ಒಂದು ಬಟನ್ ಇದೆ, ಒತ್ತಿದ್ರೆ ಮಾತ್ರ ಸಣ್ಣ ಲೈಟ್ ಬರುತ್ತೆ. ಅಲಾರಂ ಮೊದ್ಲು ಮೆಲ್ಲಗೆ ಪೀ ಪೀ ಅನ್ನುತ್ತೆ, ಎಚ್ಚರ ಆಗ್ಲಿಲ್ಲ ಅಂದ್ರೆ ಜೋರು, ಆಮೇಲೆ ಇನ್ನೂ ಜೋರು, ಕೊನೆಗೆ ಪಕ್ಕದ್ ಮನೆಗೂ ಕೇಳ್ಸೋವಷ್ಟು. ಸ್ನೂಜ್ ಇಲ್ಲದ್ದೇ ಕೇಳಿ ತಗೊಂಡ್ವಿ, ಹಿಂದುಗಡೆ ಸ್ವಿಚ್ ಕೆಳಗೆ ಎಳೆದ್ರೆ ಮಾತ್ರ ಬಾಯಿ ಮುಚ್ಚುತ್ತೆ. ಮಗ ಅದನ್ನ ಹಾಸಿಗೆ ಹತ್ರ ಇಡಲ್ಲ, ಆ ಕಡೆ ಗೋಡೆಗಿರೋ ಪುಸ್ತಕದ ಶೆಲ್ಫ್ ಮೇಲಿಡ್ತಾನೆ, ಎದ್ದು ನಾಲ್ಕು ಹೆಜ್ಜೆ ನಡೀಲೇಬೇಕು, ಅಷ್ಟರಲ್ಲಿ ಎಚ್ಚರ ಆಗಿರುತ್ತೆ. ಮುಖ ಗೋಡೆ ಕಡೆ ತಿರುಗಿಸಿ ಇಡ್ತಾನೆ, ನಡುರಾತ್ರಿ ಟೈಂ ನೋಡೋದೇ ಬೇಡ ಅಂತ. ಅದು ಅವನದೇ ಯೋಚನೆ.

ತೊಂದ್ರೆಗಳೂ ಇವೆ. ಅಲಾರಂ ಮುಳ್ಳು ಕೈಯಲ್ಲಿ ತಿರುಗಿಸಿ ಇಡೋದು, ಕರಾರುವಾಕ್ ಬರಲ್ಲ, ಐದು ಹತ್ತು ನಿಮಿಷ ಆಚೀಚೆ ಆಗುತ್ತೆ, ಟ್ರೈನ್ ಹಿಡಿಯೋ ನನ್ನಂಥವ್ರು ಹತ್ತು ನಿಮಿಷ ಮುಂಚೇನೇ ಇಟ್ಕೊಳ್ಬೇಕು. ಇನ್ನೊಂದು, ಇದಕ್ಕೆ ಬೆಳಿಗ್ಗೆ ಸಾಯಂಕಾಲ ಅಂತ ಭೇದ ಗೊತ್ತಿಲ್ಲ. 6:30ಕ್ಕೆ ಇಟ್ಟು ಹಗಲು ಸ್ವಿಚ್ ಹಾಕೇ ಬಿಟ್ರೆ ಸಾಯಂಕಾಲ 6:30ಕ್ಕೂ ಕೂಗುತ್ತೆ. ಮೊದಲ ವಾರ ನಮ್ಮಮ್ಮ ದೇವರ ದೀಪ ಹಚ್ಚೋವಾಗ ಕೂಗಿ ಬೆಚ್ಚಿಬಿದ್ರು. ಮಲಗೋ ಮುಂಚೆ ಮೇಲೆತ್ತೋದು, ಎದ್ದಾಗ ಇಳಿಸೋದು ಅಂತ ಅಭ್ಯಾಸ ಮಾಡ್ಕೊಂಡ್ರೆ ಸರಿ ಹೋಗುತ್ತೆ. ಸೆಲ್ ಮುಚ್ಚಳ ಬಹಳ ಸಡಿಲ, ಕೈ ತಪ್ಪಿ ಬಿದ್ರೆ ಸೆಲ್ ಒಂದ್ ಕಡೆ ಮುಚ್ಚಳ ಒಂದ್ ಕಡೆ. ಗಡಿಯಾರಕ್ಕೆ 5ಕ್ಕೆ 4.

ಗಡಿಯಾರ ತಂದಿಟ್ಟ ಮಾತ್ರಕ್ಕೆ ನಿದ್ದೆ ಬರಲ್ಲ, ಅದನ್ನ ಬಿಡಿಸಿ ಹೇಳ್ಬೇಕು. ಗಡಿಯಾರದಿಂದ ಆಗಿದ್ದು ಒಂದೇ, 'ಅಲಾರಂಗೆ ಫೋನ್ ಬೇಕು' ಅನ್ನೋ ಮಾತು ಮನೇಲಿ ಮುಗಿದೋಯ್ತು. ಆ ಮೇಲಿಂದ ರಾತ್ರಿ 10ಕ್ಕೆ ಫೋನುಗಳು ಹಾಲಿನ ಷೋಕೇಸ್ ಮೇಲೆ ಚಾರ್ಜಿಗೆ ಹೋಗ್ಬೇಕು ಅಂತ ಮಾಡ್ದೆ. ಮಗ ತಕ್ಷಣ ಕೇಳ್ದ, 'ನನ್ನದೊಂದೇನಾ ಅಪ್ಪ, ಎಲ್ರದ್ದೂನಾ?' ನ್ಯಾಯದ ಮಾತು. ಎಲ್ರದ್ದೂ ಅಂದೆ. ನನಗೆ ಮೊದಲ ಹದಿನೈದು ದಿನ ಬಹಳ ಕಷ್ಟ ಆಯ್ತು, ಆಫೀಸ್ ಗ್ರೂಪಲ್ಲಿ ಏನ್ ಬಂತೋ ಅಂತ ಕೈ ತಡಕಾಡೋದು, ನನ್ನ ಹೆಂಡ್ತಿಗೆ ಅವಳ ತಂಗಿ ರಾತ್ರಿ ಹತ್ತರ ಮೇಲೇ ಕರೆ ಮಾಡ್ತಿದ್ಲು, ಅವಳಿಗೂ ಹೇಳಿ ಎಂಟಕ್ಕೆ ಬದಲಾಯಿಸ್ಕೊಂಡ್ರು. ಅಪ್ಪ ಅಮ್ಮನ ಫೋನು ರೂಮಲ್ಲಿದ್ದು ಮಕ್ಕಳದ್ದು ಮಾತ್ರ ಆಚೆ ಇದ್ರೆ ಇದು ಒಂದು ವಾರಾನೂ ನಡೀತಿರ್ಲಿಲ್ಲ ಅಂತ ನನಗೆ ಖಾತ್ರಿ ಇದೆ.

ಟ್ಯೂಷನ್ ವಿಷಯಕ್ಕೆ ಮಾತ್ರ ನಾನು ಬಹಳ ಯೋಚ್ನೆ ಮಾಡ್ದೆ, ಬೆಳಗಿನ ಬ್ಯಾಚಲ್ಲೇ ಚೆನ್ನಾಗಿ ಓದೋ ಹುಡುಗ್ರು ಇರ್ತಾರೆ, ಸಾಯಂಕಾಲದ ಬ್ಯಾಚ್ ಅಂದ್ರೆ ಅಷ್ಟಕ್ಕಷ್ಟೆ ಅನ್ನೋ ಮಾತಿದೆ ನಮ್ಮೂರಲ್ಲಿ. ಹೋಗಿ ಕೇಳಿದ್ದಕ್ಕೆ ಮೇಷ್ಟ್ರು ಬೇಜಾರ್ ಮಾಡ್ಕೊಳ್ದೆ 5:30ರ ಸಾಯಂಕಾಲದ ಬ್ಯಾಚಿಗೆ ಹಾಕೊಟ್ರು. ಈ ಒಂದು ಬದಲಾವಣೇನೇ ನನ್ನ ಪ್ರಕಾರ ಅರ್ಧ ಕೆಲ್ಸ ಮಾಡ್ತು. ಬೆಳಿಗ್ಗೆ 4:45ರ ಬದ್ಲು 6:30ಕ್ಕೆ ಏಳೋದು, ರಾತ್ರಿ 10:30ಕ್ಕೆ ಮಲಗಿದ್ರೆ 8 ಗಂಟೆ ಸಿಕ್ತು. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2014ರಲ್ಲೇ ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರು ಮಾಡ್ಬೇಡಿ ಅಂತ ಹೇಳಿದೆ, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಕಾನೂನೇ ಆಗಿದೆ. ನಮ್ಮಲ್ಲಿ ಕಾಲೇಜಿನ ಟೈಂ ಪರ್ವಾಗಿಲ್ಲ, ಅದಕ್ಕಿಂತ ಮುಂಚೆ ಸೇರ್ಸಿರೋ ಟ್ಯೂಷನ್ನೇ ಮಕ್ಕಳ ನಿದ್ದೆ ತಿನ್ನೋದು. ಟ್ಯೂಷನ್ ಮೇಷ್ಟ್ರುಗಳು ಯಾರಾದ್ರೂ ಇದನ್ನ ಓದ್ತಿದ್ರೆ ಕೈ ಮುಗಿದು ಕೇಳ್ಕೊಳ್ತೀನಿ, 5:30ರ ಬ್ಯಾಚನ್ನ 6:30ಕ್ಕಾದ್ರೂ ಮಾಡಿ. ಅರ್ಧ ನಿದ್ದೇಲಿ ಕೂತ ಹುಡುಗನಿಗೆ ನೀವು ಎಷ್ಟು ಚೆನ್ನಾಗಿ ಇಂಟಿಗ್ರೇಷನ್ ಹೇಳ್ಕೊಟ್ರೂ ತಲೆಗೆ ಹತ್ತಲ್ಲ, ಹತ್ತಿದ್ದೂ ನಿಲ್ಲಲ್ಲ, ಯಾಕಂದ್ರೆ ಹಗಲು ಕಲ್ತಿದ್ದನ್ನ ಮಿದುಳು ಗಟ್ಟಿ ಮಾಡ್ಕೊಳ್ಳೋದು ನಿದ್ದೇಲೇ.

ನಮ್ಮಮ್ಮನಿಗೆ ಇದೆಲ್ಲ ಮೊದಮೊದ್ಲು ಸರಿ ಬರ್ಲಿಲ್ಲ. ಭಾನುವಾರ ಮೊಮ್ಮಗ 11ರವರೆಗೂ ಮಲಗಿದ್ರೆ 'ಚಿಂತೆ ಇಲ್ದವನಿಗೆ ಸಂತೇಲೂ ನಿದ್ದೆ' ಅನ್ನೋರು, ನಾವು ನಾಲ್ಕಕ್ಕೆ ಎದ್ದು ರಾಗಿ ಬೀಸ್ತಿದ್ವಿ ಅನ್ನೋರು. 'ಅಮ್ಮ, ಆಗ ರಾತ್ರಿ 8ಕ್ಕೆ ದೀಪ ಆರಿಸಿ ಮಲಗ್ತಿದ್ರಲ್ಲಮ್ಮ' ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ 'ಹೌದು ಕಣಪ್ಪ' ಅಂದ್ರು. ಅವನು ಮಲಗ್ತಿದ್ದಿದ್ದು ಚಿಂತೆ ಇಲ್ದೆ ಅಲ್ಲ, ಆರು ದಿನದ ಸಾಲ ತೀರಿಸ್ತಿದ್ದ. ಆದ್ರೆ ಹಂಗೆ ಭಾನುವಾರ 11ಕ್ಕೆ ಎದ್ರೆ ಆ ರಾತ್ರಿ 1 ಗಂಟೆಗೂ ನಿದ್ದೆ ಬರಲ್ಲ, ಸೋಮವಾರ ಮತ್ತೆ ಮೊದ್ಲಿನ ಕತೆ. ಈಗ ಭಾನುವಾರ 7:30ಕ್ಕೆ ಇಡ್ತಾನೆ ಅಲಾರಂ, ವಾರದ ದಿನಕ್ಕಿಂತ ಒಂದು ಗಂಟೆ ಹೆಚ್ಚು, ಅಷ್ಟೆ. ಸುಸ್ತಿದ್ರೆ ಮಧ್ಯಾಹ್ನ ಊಟ ಆದ್ಮೇಲೆ ಇಪ್ಪತ್ತು ನಿಮಿಷ ಒರಗ್ತಾನೆ, ಅದಕ್ಕೂ ಟೈಂಪೀಸೇ ಎಬ್ಬಿಸುತ್ತೆ. ಎದ್ದ ತಕ್ಷಣ ಟೆರೇಸ್ ಮೇಲೆ ಹೋಗಿ ಹಲ್ಲುಜ್ಜೋದು, ಬಿಸಿಲು ಕಣ್ಣಿಗೆ ಬಿದ್ರೆ ಮೈಯೊಳಗಿನ ಗಡಿಯಾರ ಸ್ವಲ್ಪ ಮುಂದಕ್ಕೆ ಬರುತ್ತೆ ಅಂತ ಡಾಕ್ಟ್ರೇ ಹೇಳಿದ್ದು.

ಮಗನಿಗೆ ಇದ್ರ ಬಗ್ಗೆ ಕುತೂಹಲ ಹುಟ್ಟಿ ಅವನೇ ಓದ್ಕೊಂಡ. 2017ರ ನೊಬೆಲ್ ವೈದ್ಯ ಪ್ರಶಸ್ತಿ ಹಾಲ್, ರಾಸ್‌ಬಾಷ್, ಯಂಗ್ ಅನ್ನೋ ಮೂವರಿಗೆ ಬಂದಿದ್ದು ಇದೇ ಮೈಯೊಳಗಿನ ಗಡಿಯಾರ ಹೆಂಗೆ ನಡೆಯುತ್ತೆ ಅಂತ ಕಂಡುಹಿಡಿದಿದ್ದಕ್ಕಂತೆ, ಅದೂ ಹಣ್ಣಿನ ನೊಣದ ಮೇಲೆ ಕೆಲ್ಸ ಮಾಡಿ. ಊಟಕ್ಕೆ ಕೂತಾಗ ಬಾಳೆಹಣ್ಣಿನ ಮೇಲೆ ಕೂತಿರೋ ನೊಣ ತೋರಿಸಿ ತಂಗಿಗೆ ಹೇಳ್ತಿದ್ದ, ಜೀವಕೋಶದಲ್ಲಿ ರಾತ್ರಿ ಒಂದು ಪ್ರೋಟೀನ್ ತುಂಬ್ಕೊಳ್ಳುತ್ತೆ ಹಗಲು ಕರಗುತ್ತೆ, ಅದೇ ನಮ್ಮ ಟೈಂಪೀಸು ಅಂತ. ನನಗೆ ಅವತ್ತು ಬಹಳ ಖುಷಿ ಆಯ್ತು. ನಾವು ಹೇಳಿ ಮಾಡಿಸೋದಕ್ಕೂ ಅವರಿಗೇ ಅರ್ಥ ಆಗಿ ಮಾಡೋದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಟೀ ವಿಷಯ ಬಿಟ್ಟಿದ್ದೆ. ಸಾಯಂಕಾಲ ಏಳಕ್ಕೆ ಒಂದು ಲೋಟ ಸ್ಟ್ರಾಂಗ್ ಟೀ ನಮ್ಮನೇಲಿ ಎಲ್ರಿಗೂ ಇತ್ತು. ಕುಡಿದ ಕೆಫೀನಲ್ಲಿ ಅರ್ಧ ಮೈಯಿಂದ ಹೋಗೋಕೇ ಸುಮಾರು 5 ಗಂಟೆ ಬೇಕು, ಅಂದ್ರೆ ರಾತ್ರಿ 12ಕ್ಕೂ ಅರ್ಧ ಲೋಟ ಟೀ ಒಳಗೇ ಕೂತಿರುತ್ತೆ. ಈಗ ನಾಲ್ಕರ ಮೇಲೆ ಮಕ್ಕಳಿಗೆ ಟೀ ಇಲ್ಲ, ಬೇಕಂದ್ರೆ ರಾಗಿ ಮಾಲ್ಟ್. ಎನರ್ಜಿ ಡ್ರಿಂಕ್ ಬಾಟ್ಲಿ ಒಂದು ಅವನ ಬ್ಯಾಗಲ್ಲಿ ಸಿಕ್ಕಿತ್ತು, ಪರೀಕ್ಷೆಗೆ ರಾತ್ರಿ ಓದೋಕೆ ಅಂತ ಫ್ರೆಂಡ್ಸೆಲ್ಲ ಕುಡೀತಾರಂತೆ, ಅದ್ರ ಮೇಲೇ ಸಣ್ಣಕ್ಷರದಲ್ಲಿ ಮಕ್ಕಳಿಗೆ ಸೂಕ್ತ ಅಲ್ಲ ಅಂತ ಇರುತ್ತೆ, ಅವನ ಕೈಲೇ ಓದಿಸ್ದೆ.

ಎಲ್ಲ ದಿನ ಹಿಂಗೇ ನಡೀತು ಅಂತ ಏನಿಲ್ಲ. ಮಿಡ್‌ಟರ್ಮ್ ಪರೀಕ್ಷೆ ಹೊತ್ತಲ್ಲಿ ಎರಡು ವಾರ ಪೂರ್ತಿ ಕೈ ತಪ್ತು, ಫೋನಲ್ಲಿ ನೋಟ್ಸ್ ಇದೆ ಅಂತ ರೂಮಿಗೆ ಹೋಯ್ತು, 12:30 ಆಯ್ತು, ಕೆಮಿಸ್ಟ್ರಿ ಪೇಪರ್ ದಿನ ಬೆಳಿಗ್ಗೆ ತಲೆ ಹಿಡ್ಕೊಂಡು ಕೂತಿದ್ದ. ಆವಾಗ ನಾನು ಬೈಲಿಲ್ಲ. ಮುಂದಿನ ಪೇಪರಿಗೆ ಅವನೇ ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡು ಬಂದ, 48 ರೂಪಾಯಿ ಆಯ್ತು, ಫೋನ್ ಷೋಕೇಸ್ ಮೇಲೆ ಹೋಯ್ತು. ಈಗ ವಾರದಲ್ಲಿ ಐದು ದಿನ 10:30, 10:45ಕ್ಕೆ ಲೈಟ್ ಆರುತ್ತೆ. ಹಾಸಿಗೆಗೆ ಹೋದ ತಕ್ಷಣ ನಿದ್ದೆ ಬರುತ್ತಾ ಅಂದ್ರೆ ಮೊದಲ ತಿಂಗಳು ಬರ್ತಿರ್ಲಿಲ್ಲ, ಹೊರಳಾಡ್ತಿದ್ದ, ಈಗ ಹತ್ತಿಪ್ಪತ್ತು ನಿಮಿಷ. ಮುಖ್ಯವಾಗಿ ಬೆಳಿಗ್ಗೆ ಮನೇಲಿ ಜಗಳ ಇಲ್ಲ. ಎದ್ದು ಬಂದು ಅಡುಗೆ ಮನೆ ಕಟ್ಟೆ ಮೇಲೆ ಕೂತು ಅವರಮ್ಮನ ಹತ್ರ ಮಾತಾಡ್ತಾನೆ, ಎರಡು ವರ್ಷದಿಂದ ಬೆಳಿಗ್ಗೆ ಹೊತ್ತು ಈ ಹುಡುಗ ಮಾತಾಡಿದ್ದೇ ನಾವು ಕೇಳಿರ್ಲಿಲ್ಲ.

ಒಂದು ಮಾತು ಸೇರಿಸ್ಲೇಬೇಕು. ಜೋರಾಗಿ ಗೊರಕೆ ಹೊಡೆಯೋ ಮಕ್ಕಳು, 9 ಗಂಟೆ ಮಲಗಿದ್ರೂ ಹಗಲೆಲ್ಲ ತೂಕಡಿಸೋರು, ಇಲ್ಲ ಮನಸ್ಸಿಗೆ ಏನೋ ಕೊರಗು ಹಚ್ಕೊಂಡು ನಿದ್ದೆಗೆಡೋರು, ಅವ್ರಿಗೆ ಗಡಿಯಾರ ತಂದ್ಕೊಟ್ರೆ ಸಾಲ್ದು, ಡಾಕ್ಟ್ರಿಗೆ ತೋರಿಸಿ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಬಿಡೋಕೇ ಆಗ್ತಿಲ್ಲ ಅನ್ನೋ ಮಟ್ಟಕ್ಕೆ ಹೋಗಿದ್ರೆ ಬೆಂಗಳೂರು ನಿಮ್ಹಾನ್ಸಲ್ಲಿ ಅದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, ಇಲ್ಲಿಂದ 70 ಕಿಲೋಮೀಟರ್. ಮೆಲಟೋನಿನ್ ಗಮ್ಮಿ ಅಂತ ಆನ್‌ಲೈನಲ್ಲಿ ಮಾರ್ತಾರೆ, ಡಾಕ್ಟ್ರನ್ನ ಕೇಳ್ದೆ ಮಕ್ಕಳಿಗೆ ಕೊಡ್ಬೇಡಿ.

ಅಂಗಡಿಗೆ ಹೋಗೋರು ಸಾಯಂಕಾಲ 5ರ ಮೇಲೆ ಹೋಗಿ, ಮಧ್ಯಾಹ್ನ ಊಟಕ್ಕೆ ಅಂತ ಮುಚ್ಚಿರ್ತಾರೆ, ಭಾನುವಾರ ರಜೆ. ಕಾರ್ಡ್ ಇಲ್ಲ, ಸ್ಕ್ಯಾನ್ ಇದೆ. ಮಗನೋ ಮಗಳೋ ಜೊತೇಲಿರ್ಲಿ, ಇಲ್ದಿದ್ರೆ ವಾಪಸ್ ಕಳಿಸ್ತಾರೆ. ಅಲ್ಲೇ ಸೆಲ್ ಹಾಕಿಸಿ ಅಲಾರಂ ಪೂರ್ತಿ ಜೋರಾಗೋವರೆಗೂ ಕೂಗಿಸಿ ಕೇಳಿ ತಗೊಳ್ಳಿ. 9ನೇ ಕ್ಲಾಸ್ ಓದ್ತಿರೋ ನಮ್ಮ ಮಗಳು ತನಗೂ ಒಂದು ಬೇಕು, ಹಳದಿ ಬಣ್ಣದ್ದು ಅಂತ ಹಟ ಹಿಡಿದಿದಾಳೆ, ಹಳದಿ ಬಂದ ಮೇಲೆ ಫೋನ್ ಮಾಡ್ತೀನಿ ಅಂದಿದಾರೆ, ಈ ಶನಿವಾರ ಹೋಗಿ ನೋಡ್ಕೊಂಡ್ ಬರ್ತೀವಿ.